ತೊಡೆ ಮೇಲೆ ಇಟ್ಟ ಬ್ಯಾಗು

ಇಂಥದ್ದನ್ನು ಯಾರಾದರೂ ಹೇಳಿದರೆ "ಸಾಕು ಬುಡಿ, ಕಾಗಕ್ಕ ಗುಬ್ಬಕ್ಕನ ಕತೆ" ಅನ್ನುತ್ತಿದ್ದವಳು ನಾನು. ಈಗ ನೀವು ನನಗೆ ಹಾಗೇ ಅಂದರೂ ಬೇಜಾರಿಲ್ಲ.

ಆಗ ಚಾಮರಾಜನಗರದಲ್ಲಿ ಎಂ.ಎ. ಓದುತ್ತಿದ್ದೆ. ದಿನಾ ಬೆಳಿಗ್ಗೆ ತೆರಕಣಾಂಬಿಯಲ್ಲಿ ಬಸ್ಸು ಹತ್ತಬೇಕು. ಗುಂಡ್ಲುಪೇಟೆಯಿಂದ ಬರುವಾಗಲೇ ಅದು ತುಂಬಿರುತ್ತಿತ್ತು. ಕೂತವರ ತೊಡೆ ಮೇಲೆ ಬ್ಯಾಗು ಇಟ್ಟು, ಕಂಬಿ ಹಿಡಿದು, ನಿಂತಲ್ಲೇ ತೂಕಡಿಸುವುದು. ಯಾರ ತೊಡೆ ಅಂತ ಮುಖ ಕೂಡ ನೋಡುತ್ತಿರಲಿಲ್ಲ.

ಅವತ್ತು ಕೊನೇ ಸೆಮಿಸ್ಟರಿನ ಮೊದಲ ಪರೀಕ್ಷೆ. ಹಿಂದಿನ ಸಲ ಬಸ್ಸು ತಪ್ಪಿ ಒಂದು ಪೇಪರ್ ಹೋಗಿತ್ತು. "ಈ ಸಲನೂ ಇಂಗೇ ಆದ್ರೆ ಓದಿದ್ದು ಸಾಕು ಕಣಮ್ಮಿ, ಬದನಗುಪ್ಪೆ ಫ್ಯಾಕ್ಟರಿಗೆ ಸೇರ್ಕೊ" ಅಂತ ಅಪ್ಪ ಖಡಾಖಂಡಿತವಾಗಿ ಹೇಳಿದ್ದ.

ಹತ್ತಿದವಳೇ ಕಿಟಕಿ ಪಕ್ಕದ ಹೆಂಗಸಿಗೆ ಬ್ಯಾಗು ದಾಟಿಸಿದೆ. ಹಸಿರು ಸೀರೆ, ಮೂಗಿನ ಎರಡೂ ಕಡೆ ಬೊಟ್ಟು. ಗುರುತಿನವಳಲ್ಲ. ಬ್ಯಾಗಿನ ಮೇಲೆ ಕೈಯಿಟ್ಟು, "ಆಲ್ ಟಿಕೆಟ್ ಮನೇಲೇ ಬುಟ್ಬುಟ್ಟಿದ್ದೀಯ ಕಣಮ್ಮಿ, ಇಳ್ಕೊ" ಅಂದಳು. ಜಿಪ್ಪು ಮುಟ್ಟಿರಲಿಲ್ಲ. ನನಗೆ ಸಿಟ್ಟೇ ಬಂತು. ಬ್ಯಾಗು ಕಿತ್ತುಕೊಂಡು ತಡಕಾಡಿದೆ. ಹಾಲ್ ಟಿಕೆಟ್ ನಿಜಕ್ಕೂ ಇರಲಿಲ್ಲ.

ಊರು ದಾಟುವ ಮೊದಲೇ ಕೂಗಿಕೊಂಡು ಇಳಿದು ಮನೆಗೆ ಓಡಿದೆ. ಅವ್ವ ಪೂಜೆಗೆಂದು ದೇವರ ಫೋಟೊ ಮುಂದೆ ಇಟ್ಟಿದ್ದಳು, ಎತ್ತಿಕೊಳ್ಳುವುದನ್ನೇ ಮರೆತಿದ್ದೆ. ಏದುಸಿರು ಬಿಡುತ್ತ ವಾಪಸ್ಸು ಬಂದಾಗ ಇನ್ನೊಂದು ಬಸ್ಸು ಬಂತು, ಅದೂ ಗುಂಡ್ಲುಪೇಟೆಯಿಂದಲೇ ತುಂಬಿಕೊಂಡು. ತೂರಿಕೊಂಡು ಒಳಗೆ ಹೋದರೆ ಕಿಟಕಿ ಪಕ್ಕ ಅದೇ ಹೆಂಗಸು. ಅದೇ ಸೀರೆ, ಅದೇ ಬೊಟ್ಟು.

"ಸಿಕ್ತೇನಮ್ಮಿ?" ಅಂತ ಬ್ಯಾಗಿಗೆ ಕೈಚಾಚಿದಳು.

ಮೊದಲ ಬಸ್ಸಿನಲ್ಲಿ ಮುಂದೆ ಹೋದವಳು ಅದರ ಹಿಂದಿನ ಬಸ್ಸಿನಲ್ಲಿ ಕೂತು ಬರುವುದು ಹೇಗೆ? "ಅಕ್ಕತಂಗಿ ಅವಳಿ-ಜವಳಿ ಇರಬೇಕು ಬಿಡೆ" ಅಂತ ಗೆಳತಿ ನಗುತ್ತಾಳೆ. ಇದ್ದುಕೊಳ್ಳಲಿ, ಹಾಲ್ ಟಿಕೆಟ್ಟಿನ ಸುದ್ದಿ ಅವರಿಗೆ ಹೇಳಿದ್ದು ಯಾರು?

ಬ್ಯಾಗು ಅವಳ ಕೈಗೆ ಕೊಟ್ಟು ಕಂಬಿ ಹಿಡಿದದ್ದಷ್ಟೇ ನೆನಪು. ಎಚ್ಚರವಾದಾಗ ಚಾಮರಾಜನಗರ ಬಂದಿತ್ತು. ಸೀಟು ಖಾಲಿ, ಅದರ ಮೇಲೆ ನನ್ನ ಬ್ಯಾಗು. ಪರೀಕ್ಷೆ ಬರೆದೆ, ಪಾಸಾದೆ, ಫ್ಯಾಕ್ಟರಿ ತಪ್ಪಿತು. ಈಗ ಮಕ್ಕಳಿಗೆ ಪಾಠ ಹೇಳುತ್ತೇನೆ.

ಇವತ್ತಿಗೂ ಹೊಟ್ಟೆ ಉರಿಯುವುದು ಒಂದಕ್ಕೇ. ಆ ಪುಣ್ಯಾತ್ಗಿತ್ತಿ ಅಷ್ಟು ಹತ್ತಿರ ಕೂತಿದ್ದಳು, "ನೀನ್ಯಾರವ್ವಾ?" ಅಂತ ಒಂದು ಮಾತು ಕೇಳಬಹುದಿತ್ತು. ಹೆದರುವುದಕ್ಕೂ ಮೈಯಲ್ಲಿ ತ್ರಾಣ ಇರಲಿಲ್ಲ. ನನಗೆ ನಿದ್ದೆ ಬಂದಿತ್ತು.