ಮೂಗೆತ್ತಿದ ಪಿಕಪ್

ಹೋದ ವಾರ ಕೋಠಿಯ ನಮ್ಮ ಅಂಗಡಿಯ ಎದುರಿಗೆ ಒಂದು ಲಾರಿ ಬಂದು ನಿಂತಿತು. ಡ್ರೈವರು ಮಳೆಗೆ ನೆನೆದ ತಾಡಪತ್ರಿಯನ್ನು ಬಿಚ್ಚಿ ಬಿಸಿಲಿಗೆ ಹರವಿದ. ಈಗೆಲ್ಲ ಲಾರಿಗಳ ಮೇಲೆ ನೀಲಿ ಪ್ಲಾಸ್ಟಿಕ್ಕೇ ಕಾಣುವುದು. ಇದು ಹಳೆಯ ಕಾಲದ ದಪ್ಪ ಕ್ಯಾನ್ವಾಸು, ಮೇಣ ಹಚ್ಚಿದ್ದು. ಬಿಸಿಲು ತಾಗಿದ ಕೂಡಲೇ ಮೇಣ, ಸೀಮೆಎಣ್ಣೆ, ಒದ್ದೆ ಗೋಣಿ ಮೂರೂ ಬೆರೆತ ವಾಸನೆ ಅಂಗಡಿಯೊಳಗೆ ನುಗ್ಗಿತು. ಪರದೆ ಬಟ್ಟೆ ಅಳೆಯುತ್ತಿದ್ದವಳು ಮೀಟರ್ ಕಡ್ಡಿ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟೆ. ಗಿರಾಕಿ ರೇಟು ಇಳಿಸಿ ಕೇಳಿದ್ದಕ್ಕೆ ಮರುಮಾತಿಲ್ಲದೆ ‘ಆಯ್ತು’ ಅಂದೆನಂತೆ. ಇಷ್ಟು ವರ್ಷದಲ್ಲಿ ಅಂಥ ತಪ್ಪು ನಾನು ಮಾಡಿದವಳಲ್ಲ... ಆ ವಾಸನೆ ನಮ್ಮ ಡ್ರೈವರ್ ಕಾಕಾ ಅವರ ಮನೆಯ ವಾಸನೆ.

ಲಿಂಗಂಪಲ್ಲಿಯಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಸಿಂಧನೂರಿನ ಕಡೆಯಿಂದ ಬಂದು, ಮೂವತ್ತು ವರ್ಷ ಲಾರಿ ಓಡಿಸಿ, ಕಣ್ಣಿಗೆ ಪೊರೆ ಬಂದ ಮೇಲೆ ಸ್ಟೇರಿಂಗ್ ಬಿಟ್ಟವರು. ಇಡೀ ಗಲ್ಲಿಯಲ್ಲಿ ಕನ್ನಡದ ಮನೆ ಎರಡೇ, ಅವರದು ಮತ್ತು ನಮ್ಮದು. ಬಾಗಿಲ ಹೊರಗೆ ತೆಲುಗು, ಹಿಂದಿ ಮಾತಾಡಿ ಮಾತಾಡಿ ನಾಲಗೆ ದಣಿದಾಗ ಅವರ ಕಟ್ಟೆಗೆ ಹೋಗಿ ಕೂತರೆ ಸಾಕಿತ್ತು. ಕೊನೆಯ ಲಾರಿಯಿಂದ ಬಂದ ಒಂದು ದೊಡ್ಡ ತಾಡಪತ್ರಿಯನ್ನು ಮಡಚಿ, ಅದರ ಮೇಲೇ ಕೂರುತ್ತಿದ್ದರು.

ನಾನು ರಾಯಚೂರಿನಿಂದ ಮದುವೆಯಾಗಿ ಬಂದವಳು. ಮೊದಲು ಕೋಠಿಯ ಫುಟ್‌ಪಾತಿನಲ್ಲಿ ತುಂಡು ಬಟ್ಟೆ ಹರವಿಕೊಂಡು ಕೂತೆ. ತೂಕಕ್ಕೆ ಕೊಳ್ಳುವುದು, ಮೀಟರಿಗೆ ಮಾರುವುದು, ಅಷ್ಟೇ ನನ್ನ ವಿದ್ಯೆ. ಅದರ ಮೇಲೆಯೇ ಪರದೆ, ಗಾದಿಗಳ ಅಂಗಡಿ ಎದ್ದಿತು, ಹಳೆಯ ಪಿಕಪ್ ಒಂದು ಬಂತು. ಡ್ರೈವರನ್ನು ಇಟ್ಟುಕೊಳ್ಳುವುದು ದಂಡವೆಂದು ನಾನೇ ಓಡಿಸಲು ಕಲಿತೆ. ಹಾಗಾಗಿ ಯಾವ ಸಾಮಾನೇ ಆಗಲಿ, ಕಿಲೋ ಲೆಕ್ಕದಲ್ಲಿ ಸಿಕ್ಕಿತು ಅಂದರೆ ನನ್ನ ಕೈ ತಡೆಯುತ್ತಿರಲಿಲ್ಲ. ಈ ಮಾತು ನೆನಪಿಡಿ, ನನ್ನ ಎಡವಟ್ಟೆಲ್ಲ ಇಲ್ಲಿಂದಲೇ ಹುಟ್ಟಿದ್ದು.

ನಮ್ಮ ಮನೆಯವರು ನಾಂಪಲ್ಲಿಯ ಸರ್ಕಾರಿ ಕಚೇರಿಯಲ್ಲಿದ್ದರು. ಈ ಕಥೆ ನಡೆದ ವರ್ಷ ಅವರ ಎದೆಗೆ ಸ್ಟೆಂಟ್ ಹಾಕಿದರು. ಡಾಕ್ಟರು ಎಲ್ಲ ಸರಿ ಇದೆ, ಓಡಾಡಿ ಅಂದರು. ಇವರು ಓಡಾಡಲಿಲ್ಲ. ಎರಡು ಬೆರಳು ಮಣಿಕಟ್ಟಿನ ಮೇಲಿಟ್ಟು ನಾಡಿ ಎಣಿಸುತ್ತಾ ಕಿಟಕಿಯ ಹತ್ತಿರ ಕೂರುವುದೇ ಕೆಲಸವಾಯಿತು. ಮೆಟ್ಟಿಲು ಹತ್ತಲು ಭಯ, ಒಬ್ಬರೇ ಇರಲು ಭಯ, ಮಾತಾಡಲೂ ಭಯ. ಹೀಗೇ ಬಿಟ್ಟರೆ ಮನುಷ್ಯ ಆ ಕುರ್ಚಿಯಲ್ಲೇ ಮುಗಿದುಹೋಗುತ್ತಾನೆ ಅನ್ನಿಸಿತು ನನಗೆ. ಹೇಗಾದರೂ ಮಾಡಿ ಹೊರಗೆ ಕರೆದುಕೊಂಡು ಹೋಗಬೇಕು, ಗುಡ್ಡದ ಗಾಳಿ ತೋರಿಸಬೇಕು. ಹೋದಲ್ಲಿ ಒಮ್ಮೆ ಗಾಬರಿಯಾದರೆ ಮಾತ್ರ ಇವರು ಮತ್ತೆ ಹೊಸ್ತಿಲು ದಾಟುವುದಿಲ್ಲ, ಅದೂ ಗೊತ್ತಿತ್ತು.

ಹೊಟೇಲಿನ ಖರ್ಚು ನಮಗೆ ಆಗುವುದಲ್ಲ. ಹೊರಗಿನ ಎಣ್ಣೆ, ಉಪ್ಪು ಇವರಿಗೆ ಆಗುವುದಿಲ್ಲ. ಪಿಕಪ್ಪಿನ ಹಿಂದೆಯೇ ಒಂದು ಮನೆ ಕಟ್ಟಿಬಿಟ್ಟರೆ? ಮಲಗಲು ಜಾಗ, ಸಣ್ಣ ಸಿಲಿಂಡರಿನ ಒಲೆ, ಒಂದು ಡ್ರಮ್ಮು ನೀರು. ಶೂನ್ಯಮಾಸದಲ್ಲಿ ಮದುವೆಗಳಿಲ್ಲ, ಪರದೆ ಹೊಲಿಸುವವರೂ ಇಲ್ಲ, ಅಂಗಡಿಗೆ ಬಾಗಿಲು ಹಾಕಿದರೂ ನಷ್ಟವಿಲ್ಲ. ಚಳಿಗಾಲದ ಗುಡ್ಡ ನೋಡಲೂ ಅದೇ ಸಮಯ. ಭದ್ರಾಚಲಂ, ಚಿಂತೂರು, ಮಾರೇಡುಮಿಲ್ಲಿಯ ಕಾಡು, ಲಂಬಸಿಂಗಿ, ಪಾಡೇರು, ಅರಕು... ದಾರಿ ಹೇಳಿಕೊಟ್ಟವರು ಕಾಕಾ. ಯಾವ ಬಂಕಿನಲ್ಲಿ ಲಾರಿಯವರು ಸ್ನಾನ ಮಾಡುತ್ತಾರೋ ಅಲ್ಲಿ ನಿಲ್ಲಿಸು, ಕಾಡಿನ ಚೆಕ್‌ಪೋಸ್ಟು ಮುಚ್ಚುವ ಮೊದಲೇ ಊರು ಸೇರಿಕೋ, ತರಕಾರಿ ಇಲ್ಲಿಂದ ಹೊರಬೇಡ, ದಾರಿಯ ಸಂತೆಯಲ್ಲಿ ಕೊಂಡುಕೋ ಅಂದರು. ಈಗಲೂ ಯಾರಾದರೂ ಕೇಳಿದರೆ ನಾನು ಹೇಳುವುದು ಇವನ್ನೇ. ಗೂಡ್ಸ್ ಗಾಡಿಯಾದರೆ ಪರ್ಮಿಟ್ಟಿನ ಕಾಗದ ಮರೆಯಬೇಡಿ ಅನ್ನುವುದೊಂದನ್ನು ಸೇರಿಸುತ್ತೇನೆ.

ಇನ್ನೊಂದು ಮಾತನ್ನೂ ಕಾಕಾ ಹೇಳಿದ್ದರು.

“ತಂಗಿ, ಏನೂ ಹೇರೂ ಮೊದಲ ಖಾಲಿ ಗಾಡಿ ಕಾಂಟಾಕ್ಕ ಹಾಕಿಸ್ಕೊಂಡು ಬಾ. ಬರೇ ಮುಂದಿನ ಗಾಲಿ ಒಂದ್ ಸಲ, ಪೂರಾ ಗಾಡಿ ಒಂದ್ ಸಲ. ಚೀಟಿ ಇಟ್ಕೋ.”

“ಖಾಲಿ ಗಾಡಿ ತೂಗಸಾಕ ರೊಕ್ಕಾ ಯಾಕ ಕೊಡಬೇಕ್ರಿ ಕಾಕಾ?”

“ಉಪವಾಸ ಇದ್ದು ರಕ್ತ ಕೊಟ್ಟು, ಮ್ಯಾಲ ರೊಕ್ಕಾನೂ ಕೊಟ್ಟು ಬರತೀರಲ್ಲಾ ಆ ಲ್ಯಾಬಿನ್ಯಾಗ? ಹಂಗ ತಿಳ್ಕೋ.”

ಹೆದ್ದಾರಿಯ ಕಡೆ ಲಾರಿ ತೂಗುವ ಧರಮ್‌ಕಾಂಟಾ ಇತ್ತು. ಗೊಣಗುತ್ತಲೇ ಹೋಗಿ ತೂಗಿಸಿ ಬಂದೆ. ಆಮೇಲೆ ಶುರುವಾಯಿತು ನನ್ನ ಕೊಳ್ಳುವಿಕೆ.

ಗುಜರಿಯಲ್ಲಿ ಹಳೆಯ ಆಸ್ಪತ್ರೆಯ ಕಬ್ಬಿಣದ ಮಂಚ ಸಿಕ್ಕಿತು, ಕಿಲೋ ಲೆಕ್ಕದಲ್ಲಿ. ಒಂದು ಕಚೇರಿ ಮುರಿದಾಗ ಬಂದ ದಪ್ಪ ಪ್ಲೈವುಡ್ಡು, ಅದೂ ಅದೇ ಲೆಕ್ಕ. ಕಡಪಾ ಕಲ್ಲಿನ ಚೂರೊಂದನ್ನು ಗುಜರಿಯವನು ಮೇಲೆ ಹಾಕಿಕೊಟ್ಟ, ಅದು ಒಲೆಕಟ್ಟೆಯಾಯಿತು. ಹಿಂದಿನ ಬಾಗಿಲು ತೆಗೆದರೆ ಸಾಕು, ನೆಲದ ಮೇಲೆ ನಿಂತೇ ಅಡುಗೆ ಮಾಡುವ ಹಾಗಿರಬೇಕೆಂದು ಒಲೆಕಟ್ಟೆಯನ್ನೂ ನೀರಿನ ಡ್ರಮ್ಮನ್ನೂ ಹಿಂದಿನ ತುದಿಯಲ್ಲೇ ಕೂರಿಸಿದೆ. ಗಲ್ಲಿಯ ಹೆಂಗಸರು ಬಂದು ನೋಡಿ ಬಾಯಿ ಬಿಟ್ಟರು. ಇಷ್ಟು ಗಟ್ಟಿಮುಟ್ಟಾದ ಮನೆ ಇಷ್ಟು ಕಡಿಮೆಗೆ! ಭಾರವಾದಷ್ಟೂ ಲಾಭ ಮಾಡಿಕೊಂಡೆ ಅನ್ನುವ ಖುಷಿ ನನಗೆ. ತೂಕಕ್ಕೆ ಕೊಂಡು ಬದುಕಿದವಳ ತಲೆ ಹಾಗೇ ಓಡುವುದು.

ಕಾಕಾ ಬಂದರು. ಒಂದು ಸುತ್ತು ಹಾಕಿದರು. ಹಿಂದಿನ ಬಾಗಿಲಿನ ಮೇಲೆ ಕೈಯೂರಿ ಒತ್ತಿದರು, ಮುಂದೆ ಹೋಗಿ ಬಂಪರನ್ನು ಬಗ್ಗಿ ನೋಡಿದರು. ಹೊಗಳಲಿಲ್ಲ, ಬಯ್ಯಲಿಲ್ಲ. “ಡ್ರಮ್ ತುಂಬಸು. ಸಾಹೇಬ್ರನ್ನೂ ಕರಿ. ಕಾಂಟಾಕ್ಕ ಹೋಗೂಣು,” ಅಂದರು. ಪ್ರವಾಸದ ಹುಮ್ಮಸ್ಸಿಗಲ್ಲ, ಕಾಕಾ ಕರೆದರು ಅನ್ನುವ ದಾಕ್ಷಿಣ್ಯಕ್ಕೆ ಇವರೂ ಬಂದು ಕೂತರು.

ಮುಂದಿನ ಗಾಲಿಗಳನ್ನಷ್ಟೇ ತಟ್ಟೆಯ ಮೇಲೆ ನಿಲ್ಲಿಸಿ ತೂಗಿಸಿದೆವು. ಕಾಕಾ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು. ಹಳೆಯ ಚೀಟಿಯನ್ನೂ ಕೇಳಿ ಇಸಿದುಕೊಂಡರು. ಆಮೇಲೆ ಎರಡನ್ನೂ ನನ್ನ ಕೈಗೆ ಕೊಟ್ಟರು.

“ಓದು.”

ಓದಿದೆ. ಮತ್ತೊಮ್ಮೆ ಓದಿದೆ. ಅಷ್ಟೆಲ್ಲ ಹೇರಿದ ಮೇಲೆ ಮುಂದಿನ ಗಾಲಿಗಳ ಮೇಲಿನ ತೂಕ ಏರಿರಲಿಲ್ಲ, ಖಾಲಿ ಗಾಡಿಗಿಂತ ಮೂವತ್ತು ಕಿಲೋ ಇಳಿದಿತ್ತು! ಕಾಂಟಾ ಕೆಟ್ಟಿದೆ ಅಂದೆ ನಾನು.

“ಕಾಂಟಾ ಚಲೋನ ಐತಿ. ಎಲ್ಲಾ ಭಾರ ಹಿಂದಿನ ಗಾಲಿ ದಾಟಿ, ಬಾಲದ ಮ್ಯಾಲ ಇಟ್ಟೀಯಲ್ಲವ್ವಾ, ಗಾಡಿ ಮೂಗ ಎತ್ತೈತಿ. ನೀ ಸ್ಟೇರಿಂಗ್ ತಿರುಗಸ್ತಿ, ಗಾಲಿ ತಿರುಗ್ತಾವ, ಗಾಡಿ ಮಾತ್ರ ನೆಟ್ಟಗ ಹೊಕ್ಕೈತಿ. ಘಾಟ್‌ನ್ಯಾಗ ನೆಟ್ಟಗ ಹೋದ್ರ ಅಲ್ಲಿ ರಸ್ತಾ ಇರಂಗಿಲ್ಲ.”

ಊರೊಳಗೆ ಹತ್ತು ಕಿಲೋಮೀಟರು ಓಡಿಸುವಾಗ ಸ್ಟೇರಿಂಗು ಎಂದಿಗಿಂತ ಹಗುರ ಅನ್ನಿಸಿದ್ದು ನಿಜ. ಚಲೋ ಆಯಿತು, ಕೈ ನೋಯುವುದಿಲ್ಲ ಅಂದುಕೊಂಡಿದ್ದೆ. ಆದರೂ ವ್ಯಾಪಾರದವಳು ನೋಡಿ, ಬಾಯಿ ಸುಮ್ಮನಿರಲಿಲ್ಲ.

“ಎಲ್ಲಾ ಚಲೋ ರೇಟಿಗೆ ಬಂದೈತ್ರಿ ಕಾಕಾ, ಹೆಂಗ ಬಿಡಲಿ?”

“ನಿನ್ನ ಗಂಡ್ಗ ಗುಡ್ಡಾ ತೋರಸ್ತೀಯೋ, ಮಂಚಾ ತೋರಸ್ತೀಯೋ? ಮಂಚಾ ಮನ್ಯಾಗೂ ಐತಲಾ!”

ಕಾಂಟಾದವನಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ನಕ್ಕ. ನಗದವರು ನಮ್ಮ ಮನೆಯವರು ಒಬ್ಬರೇ. ಅವರ ಎರಡು ಬೆರಳು ಆಗಲೇ ಮಣಿಕಟ್ಟಿಗೆ ಹೋಗಿದ್ದವು. “ಬ್ಯಾಡ ಬಿಡು, ಹೋಗೂದ ಬ್ಯಾಡ,” ಅಂದರು ಮೆಲ್ಲಗೆ. ಇನ್ನು ಮುಗಿಯಿತು ಅಂದುಕೊಂಡೆ. ಗುಜರಿಯ ದುಡ್ಡು ಹೋದರೆ ಹೋಗಲಿ, ಈ ಮನುಷ್ಯ ಮತ್ತೆ ಆ ಕುರ್ಚಿಗೇ ಹೋಗಿ ಕೂರುತ್ತಾನಲ್ಲ...

ಕಾಕಾ ನನ್ನ ಕಡೆ ನೋಡಲೇ ಇಲ್ಲ. ಚೀಟಿಗಳನ್ನು ನನ್ನಿಂದ ಕಿತ್ತುಕೊಂಡು ಇವರ ಕೈಗೆ ಕೊಟ್ಟರು.

“ಸಾಹೇಬ್ರ, ಈಕಿಗೆ ರೇಟು ಅಷ್ಟ ಗೊತ್ತು. ನೀವು ಕಾಗದ ಪತ್ರದ ಮಂದಿ. ಯಾವ ಸಾಮಾನು ಎಷ್ಟ ತೂಕ, ಎಲ್ಲಿ ಕುಂಡ್ರಬೇಕು, ನೀವ ಬರೀರಿ. ನಿಮ್ಮ ಸಹಿ ಬೀಳೂತನಾ ಗಾಡಿ ಹೊರಗ ಬಿಡಬ್ಯಾಡ್ರಿ.”

ಇಪ್ಪತ್ತೆಂಟು ವರ್ಷ ಫೈಲು ನೋಡಿದ ಮನುಷ್ಯನಿಗೆ ಸಹಿಯ ಮಾತು ಅಂದರೆ ಏನೋ... ಮನೆಗೆ ಬಂದವರೇ ಪೆನ್ಸಿಲು, ಸ್ಕೇಲು ತೆಗೆದರು. ಗಾಡಿಯ ತಳವನ್ನು ಅಳೆದು ಚಿತ್ರ ಬರೆದರು. ತುಂಡು ಬಟ್ಟೆ ತೂಗುತ್ತಿದ್ದ ನನ್ನ ಹಳೆಯ ತೂಗುಕೊಕ್ಕೆಯಲ್ಲಿ ಪಾತ್ರೆಗಳ ಚೀಲ, ಹಾಸಿಗೆ, ಹಿಟ್ಟಿನ ಡಬ್ಬಿ ಒಂದೊಂದನ್ನೇ ನೇತುಹಾಕಿ ತೂಗಿದರು. ನನ್ನ ಇಡ್ಲಿ ಪಾತ್ರೆಯನ್ನು ‘ತಿರಸ್ಕರಿಸಲಾಗಿದೆ’ ಅಂತ ಬರೆದು ಪಕ್ಕಕ್ಕಿಟ್ಟರು. ನಾನು ಜಗಳ ಆಡಿದೆ, ಅವರೂ ಆಡಿದರು. ಎಷ್ಟೋ ತಿಂಗಳ ಮೇಲೆ ನಮ್ಮ ಮನೆಯಲ್ಲಿ ಸರಿಯಾದ ಒಂದು ಜಗಳವಾಯಿತು. ಆ ಹೊತ್ತಿನಲ್ಲಿ ನಾಡಿ ನೋಡಿಕೊಳ್ಳುವುದು ಅವರಿಗೆ ನೆನಪಾಗಲೇ ಇಲ್ಲ.

ಮಂಚ, ಪ್ಲೈವುಡ್ಡು, ಕಡಪಾ ಕಲ್ಲು ಎಲ್ಲವೂ ಅದೇ ಗುಜರಿಗೆ ವಾಪಸಾದವು. ಗುಜರಿಯವನು ಕೊಂಡ ರೇಟನ್ನು ಹೇಳಲು ಈಗಲೂ ನಾಚಿಕೆ. ಅವುಗಳ ಬದಲಿಗೆ ಕಾಕಾ ಬಿದಿರಿನ ಕಮಾನು ಕಟ್ಟಿದರು. ತಾವು ಕೂರುತ್ತಿದ್ದ ಆ ತಾಡಪತ್ರಿಯನ್ನೇ ಎಳೆದು ಹೊದಿಸಿದರು. ನವಾರ ಪಟ್ಟಿಯನ್ನು ಬಿದಿರಿಗೆ ಹೆಣೆದು ಮಲಗುವ ಜಾಗ ಮಾಡಿದರು, ಲಾರಿಯವರು ಮಾಡಿಕೊಳ್ಳುವ ಹಾಗೆ. ಡ್ರಮ್ಮು ಅರ್ಧಕ್ಕರ್ಧ ಸಣ್ಣದಾಯಿತು, ಕ್ಯಾಬಿನ್ನಿನ ಬೆನ್ನಿಗೆ ತಾಗಿ ತಳದಲ್ಲಿ ಕೂತಿತು. ಮೂರನೆಯ ಸಲ ಕಾಂಟಾಕ್ಕೆ ಹೋದಾಗ ಮುಂದಿನ ಗಾಲಿ ಖಾಲಿ ಗಾಡಿಗಿಂತ ಭಾರ ತೋರಿಸಿತು. ಇವರು ಚೀಟಿಯ ಮೇಲೆ ತಾರೀಖು ಹಾಕಿ ಸಹಿ ಮಾಡಿದರು. ಅಂದು ನನಗೆ ಬಂದ ನಿರಾಳ ನಿಟ್ಟುಸಿರು, ಸ್ವಂತ ಅಂಗಡಿಯ ಬೀಗ ತೆಗೆದ ದಿನವೂ ಬಂದಿರಲಿಲ್ಲ.

ಹೊರಡುವ ಬೆಳಿಗ್ಗೆ ಕಾಕಾ ಹೇಳಿದ್ದು ಒಂದೇ ಮಾತು. ಏರು ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರಿನಲ್ಲಿ ಇಳಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೂರಬೇಡ.

ಮಾರೇಡುಮಿಲ್ಲಿಯ ಕಾಡಿನಲ್ಲಿ ಇವರು ಹಳ್ಳದ ತನಕ ನಡೆದುಹೋಗಿ ನೀರು ತಂದರು. ಲಂಬಸಿಂಗಿಯಲ್ಲಿ ಮಂಜು ಎಷ್ಟಿತ್ತೆಂದರೆ ಒಲೆಯ ಮೇಲಿನ ಉಪ್ಪಿಟ್ಟು ನನಗೇ ಕಾಣುತ್ತಿರಲಿಲ್ಲ. ಹಾಗೇ ಅರಕು ದಾಟಿ ಅನಂತಗಿರಿ ಘಾಟ್ ಇಳಿಯತೊಡಗಿದೆವು. ಒಂದು ತಿರುವಿನಲ್ಲಿ ಎದುರಿನ ಬಸ್ಸು ಹಾರ್ನೂ ಇಲ್ಲದೆ ರಸ್ತೆಯ ನಡುವೆಯೇ ಬಂದುಬಿಟ್ಟಿತು. ನಾನು ಸ್ಟೇರಿಂಗನ್ನು ಪೂರ್ತಿ ತಿರುಗಿಸಿದೆ. ಅಂಚಿನ ಜಲ್ಲಿ ಗಾಲಿಗೆ ಸಿಕ್ಕು ಚಟಚಟ ಅಂದಿತು. ಆದರೆ ಗಾಡಿ ತಿರುಗಿತು... ನಾನು ಹೇಳಿದ ಕಡೆಗೇ ತಿರುಗಿತು. ಬಸ್ಸು ಹೋಯಿತು. ಮುಂದೆ ಅಗಲವಾದ ಜಾಗ ನೋಡಿ ನಿಲ್ಲಿಸಿದೆ. ಇವರ ಮುಖ ನೋಡಲು ಧೈರ್ಯವಾಗಲಿಲ್ಲ.

“ಆ ಕಡಪಾ ಕಲ್ಲು ಇದ್ದಿದ್ರ ನಾವು ಈಗ ಎಲ್ಲಿರ್ತಿದ್ವಿ?” ಅಂದರು ಇವರು.

“ಕೆಳಗ,” ಅಂದೆ.

ಅವರು ನಗತೊಡಗಿದರು. ಹೆದರಿಕೆಯ ನಗೆಯಲ್ಲ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನೂ ನಕ್ಕೆ. ಆಮೇಲೆ ಬಾಗಿಲು ತೆಗೆದು ತಾವೇ ಇಳಿದರು, ಕಾಫಿ ಗಿಡಗಳ ಕಡೆ ಹತ್ತು ಹೆಜ್ಜೆ ಏರಿ ಹೋಗಿ ನಿಂತರು. ದೂರದಲ್ಲಿ, ಕಣಿವೆಯ ಆಚೆ, ಒಂದು ರೈಲು ಸುರಂಗದಿಂದ ಹೊರಬಂದು ಇನ್ನೊಂದು ಸುರಂಗದೊಳಗೆ ಹೋಯಿತು. ಅದರ ಬಾಲ ಮರೆಯಾಗುವ ತನಕ ನೋಡಿದೆವು.

ಊರಿಗೆ ಬಂದು ಕಾಕಾಗೆ ಎಲ್ಲ ಹೇಳಿದೆ. ಬಸ್ಸಿನ ಸಂಗತಿಗೆ ತಲೆಯಾಡಿಸಿದರು, ಅಷ್ಟೇ. ರೈಲಿನ ಮಾತು ಬಂದಾಗ ತಡೆದರು. ಯಾವ ತಿರುವು, ಎಡಕ್ಕೋ ಬಲಕ್ಕೋ, ಎಷ್ಟು ಡಬ್ಬಿ ಕಂಡವು ಎಂದು ಬಿಡಿಸಿ ಬಿಡಿಸಿ ಕೇಳಿದರು. ಆ ಘಾಟ್ ಅವರು ಎಷ್ಟು ಸಲ ದಾಟಿದ್ದಾರೋ ಅವರಿಗೇ ಲೆಕ್ಕವಿಲ್ಲ.

“ಹೇರಿದ ಗಾಡಿ ಘಾಟ್‌ನ್ಯಾಗ ನಿಂದರಸಂಗಿಲ್ಲವ್ವಾ. ನಾ ಬರೇ ರಸ್ತಾ ನೋಡೇನಿ.”

ಮುಂದಿನ ಶೂನ್ಯಮಾಸಕ್ಕೆ ನಿಮ್ಮನ್ನೂ ಕರೆದುಕೊಂಡು ಹೋಗುತ್ತೇನೆ, ಕಣ್ಣಿನ ಆಪರೇಷನ್ ಮಾಡಿಸಿಕೊಂಡಿರಿ ಅಂದೆ. ಅವರು ಮಾಡಿಸಿಕೊಂಡರು. ಆ ವರ್ಷ ಶೂನ್ಯಮಾಸ ಹತ್ತಿರ ಬಂದಾಗ ಒಂದು ಹಾಸ್ಟೆಲ್ಲಿನ ಪರದೆಗಳ ಆರ್ಡರು ಬಂತು, ಒಳ್ಳೆಯ ರೇಟು. ಬರುವ ವರ್ಷ ಹೋಗೋಣ ಕಾಕಾ ಅಂದೆ. “ಗುಡ್ಡಾ ಎಲ್ಲಿ ಓಡಿ ಹೊಕ್ಕಾವ,” ಅಂದರು. ಬೇಸಿಗೆಯಲ್ಲಿ ಸಿಂಧನೂರಿಗೆ, ಮಗಳ ಮನೆಗೆ ಹೋದವರು ಅಲ್ಲೇ ತೀರಿಕೊಂಡರು. ಸುದ್ದಿ ನಮಗೆ ಮುಟ್ಟಿದಾಗ ಎಲ್ಲ ಮುಗಿದಿತ್ತು... ಆ ಆರ್ಡರಿನಲ್ಲಿ ನನಗೆ ಎಷ್ಟು ಉಳಿಯಿತು ಅನ್ನುವುದು ಈಗ ನೆನಪಿಲ್ಲ. ಹಾಗೆ ನೆನಪಿಲ್ಲದ ವ್ಯಾಪಾರ ನನ್ನ ಬದುಕಿನಲ್ಲಿ ಅದೊಂದೇ.

ಈಗ ಪ್ರತಿ ವರ್ಷ ಹೋಗುತ್ತೇವೆ. ಊರೊಳಗೆ ಇವರೇ ಓಡಿಸುತ್ತಾರೆ, ಘಾಟ್‌ನಲ್ಲಿ ನಾನು. ಆ ತಿರುವು ಬಂದ ಕೂಡಲೇ ಪಕ್ಕಕ್ಕೆ ತೆಗೆದು ಇಳಿಯುತ್ತೇವೆ. ರೈಲಿನ ಹೊತ್ತು ಇಬ್ಬರಿಗೂ ಗೊತ್ತಿಲ್ಲ, ಕೇಳಿ ತಿಳಿದುಕೊಳ್ಳಲೂ ಇಲ್ಲ. ಒಂದೊಂದು ಸಲ ಎರಡು ತಾಸು ಹಾಗೇ ನಿಂತಿರುತ್ತೇವೆ.

“ಇನ್ನೊಂದ್ ಸ್ವಲ್ಪ ನೋಡೂಣೇನು?” ಅನ್ನುತ್ತಾರೆ ಇವರು.

ನಾನು ಹೂಂ ಅನ್ನುತ್ತೇನೆ.