ಹಾಲಕ್ಕಿ ನುಡಿದವನು ಕಾಳಿಗೆ ಬರಲಿಲ್ಲ

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನಂತೂ ಕಿವಿಯಾರೆ ಕೇಳಿದ್ದನ್ನೇ ಹೇಳುತ್ತಿದ್ದೇನೆ. ತಂಬ್ರಹಳ್ಳಿಯಲ್ಲಿ ರವಿಕೆ ಹೊಲಿದು ಬದುಕುವವಳು ನಾನು. ಯಾರಾದರೂ ದೆವ್ವದ ಕತೆ ತೆಗೆದರೆ ನಕ್ಕು ಸೂಜಿಗೆ ದಾರ ಪೋಣಿಸುತ್ತಿದ್ದೆ.

ನಮ್ಮ ಮನೆ ಮುಂದಿನ ಬೇವಿನ ಪೊಟರೆಯಲ್ಲಿ ಒಂದು ಹಾಲಕ್ಕಿ ಇದೆ. ಗೂಬೆಯ ಜಾತಿಯೇ, ಆದರೆ ಪುಟ್ಟದು, ಮೈತುಂಬ ಬಿಳಿ ಚುಕ್ಕೆ. ಸಂಜೆ ಹೊರಗೆ ಬಂದು ಕೂತು, ತಲೆ ಕುಣಿಸುತ್ತ ನನ್ನ ಅಳತೆ ತೆಗೆಯುವಂತೆ ನೋಡುತ್ತಿತ್ತು. ಗೂಬೆಗೆ ಕಲ್ಲು ಬೀಸುವ ಜನರೂ ಇದರ ತಂಟೆಗೆ ಹೋಗುವುದಿಲ್ಲ. ಇದು ಮುಂದಾಗುವುದನ್ನು ನುಡಿಯುತ್ತದಂತೆ. ಬುಡುಬುಡಿಕೆಯವರು ಅದನ್ನು ತಿಳಿದುಕೊಂಡು ನಸುಕಿನ ಕತ್ತಲಲ್ಲಿ ಮನೆ ಮುಂದೆ ನಿಂತು ಹೇಳುತ್ತಾರೆ. ಬಿಸಿಲೇರಿದ ಮೇಲೆ ಕಾಳು, ಹಳೆಯ ಬಟ್ಟೆ ಕೇಳಲು ಮತ್ತೆ ಬಂದೇ ಬರುತ್ತಾರೆ. ಬಾರದೆ ಹೋದವರನ್ನು ನಮ್ಮವ್ವ ತನ್ನ ಜೀವಮಾನದಲ್ಲೇ ಕಂಡಿರಲಿಲ್ಲ.

ಆ ಬೇಸಿಗೆಯಲ್ಲಿ ಕೊಟ್ಟೂರಿನ ಹುಡುಗನೊಂದಿಗೆ ನನ್ನ ಮದುವೆ ಗಟ್ಟಿಯಾಗಿತ್ತು. ನಾನೇ ಮೆಚ್ಚಿದ ಹುಡುಗ. ಅಪ್ಪನ ಮುಂದೆ ನನ್ನ ಪರವಾಗಿ ವಾದ ಮಾಡಿ ಒಪ್ಪಿಸಿದವಳು ನನ್ನ ಅಕ್ಕ ಗಂಗಮ್ಮ. ಗಂಡನ ಮನೆ ಬಿಟ್ಟು ಬಂದು ನಮ್ಮೊಂದಿಗೇ ಇದ್ದಳು. ದಿನಾ ನನಗೆ ಜಡೆ ಹಾಕುವವಳು ಅವಳೇ. ಅವಳಿಗೆ ಹೇಳದ ಮಾತು ನನ್ನ ಬಳಿ ಒಂದೂ ಇರಲಿಲ್ಲ.

ಅವತ್ತು ಕರೆಂಟ್ ಹೋಗಿತ್ತು. ಅಕ್ಕ, ನಾನು ಮಾಳಿಗೆ ಮೇಲೆ ಮಲಗಿದ್ದೆವು. ಇನ್ನೂ ಬೆಳಕು ಹರಿದಿರಲಿಲ್ಲ. ಹಾಲಕ್ಕಿ ಚಿರ್ರ್... ಚಿರ್ರ್... ಎಂದು ಕೂಗಲು ಶುರು ಮಾಡಿತು. ನಡುವೆಯೇ ತಟ್ಟನೆ ನಿಂತಿತು.

ಆಮೇಲೆ ಬುಡುಬುಡಿಕೆಯ ಸದ್ದು... ನಮ್ಮ ಬಾಗಿಲ ಮುಂದೆಯೇ. ಮಳೆಯ ಹನಿ ಕಾಣದ ದಿನಗಳವು, ಆದರೂ ನೆನೆದ ಕಂಬಳಿಯ ವಾಸನೆ ಮೂಗಿಗೆ ಬಡಿಯಿತು. ಓಣಿಯ ನಾಯಿ ಒಂದೂ ಬೊಗಳಲಿಲ್ಲ.

"ಹಾಲಕ್ಕಿ ನುಡಿತೈತಿ... ಈ ಮನಿಯಾಗ ಮದಿವಿ ಮಾತು ಮುರಿತೈತಿ... ದೂರದವರು ಮುರದದ್ದಲ್ಲ ತಾಯಿ. ಜಡಿ ಹಾಕೋ ಕೈನ ಮುರದೈತಿ..."

ಅಂಚಿಗೆ ಹೋಗಿ ಬಗ್ಗಿ ನೋಡಿದೆ. ತಿಳಿ ಬೆಳದಿಂಗಳು. ಓಣಿಯಲ್ಲಿ ಯಾರೂ ಇರಲಿಲ್ಲ. ಸದ್ದು ಮಾತ್ರ ಇನ್ನೂ ಬರುತ್ತಿತ್ತು... ನನ್ನ ಕಣ್ಣೆದುರಿನ ಖಾಲಿ ಜಾಗದಿಂದ.

"ಕೇಳಿದೇನಕ್ಕಾ?" ಎಂದೆ, ಪಿಸುಗುಟ್ಟುತ್ತ.

"ಮಕ್ಕೊ ಸುಮ್ನ," ಎಂದಳು. ನನ್ನ ಕೈ ಹಿಡಿದುಕೊಂಡಳು. ಬೆರಳು ತಣ್ಣಗಿದ್ದವು. ಪಾಪ, ಹೆದರಿದ್ದಾಳೆ ಎಂದುಕೊಂಡೆ.

ಬೆಳಿಗ್ಗೆ ಅವ್ವ ಮೊರದಲ್ಲಿ ಜೋಳ, ಮೇಲೊಂದು ಹಳೆಯ ಸೀರೆ ಇಟ್ಟು ಕಾದಳು. ಯಾರೂ ಬರಲಿಲ್ಲ. ಓಣಿಯವರನ್ನು ಕೇಳಿದರೆ, ಬುಡುಬುಡಿಕೆಯ ಸದ್ದನ್ನೇ ಕೇಳಿಲ್ಲ ಎಂದರು.

ಮಧ್ಯಾಹ್ನ ಕೊಟ್ಟೂರಿನಿಂದ ಫೋನ್ ಬಂತು. ನನಗೆ ಮೂರ್ಛೆರೋಗವಿದೆ, ಮುಚ್ಚಿಟ್ಟಿದ್ದೇವೆ ಎಂದು ಯಾರೋ ಅವರಿಗೆ ಫೋನ್ ಮಾಡಿ ಹೇಳಿದ್ದರಂತೆ. ಸಂಬಂಧ ಬೇಡ ಎಂದುಬಿಟ್ಟರು. ಹುಡುಗನಾದರೂ ನನ್ನನ್ನೊಂದು ಮಾತು ಕೇಳಬೇಕಿತ್ತು. ಅವನು ನಾನು ಮಾಡಿದ ಫೋನನ್ನೂ ಎತ್ತಲಿಲ್ಲ. ಜಡೆ ಹಾಕುವ ಕೈ ಎಂದ ಮಾತನ್ನು ನಂಬದೆ, ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಅವಳು ನನ್ನ ಕೂದಲು ನೇವರಿಸುತ್ತ ಕೂತಿದ್ದಳು.

ಕೆಲವು ದಿನ ಬಿಟ್ಟು, ಪ್ರತಿ ವರ್ಷವೂ ನಮ್ಮೂರಿಗೆ ಬರುವ ಬುಡುಬುಡಿಕೆಯವನು ಬಂದ. ನಾನು ನೇರವಾಗಿ ಕೇಳಿಯೇಬಿಟ್ಟೆ.

"ನಾನಲ್ಲ ಯವ್ವಾ. ಅವಾಗ ನಾನು ಹರಪನಹಳ್ಳಿ ಕಡೀಗಿದ್ದೆ," ಎಂದ. ಹೇಳಲೋ ಬೇಡವೋ ಎಂದು ಒಮ್ಮೆ ನಮ್ಮ ಬಾಗಿಲ ಕಡೆ ನೋಡಿದ. "ನಿಮ್ಮಕ್ಕ ಸಂತ್ಯಾಗ ಸಿಕ್ಕಿದ್ಲು. ಈ ಮದಿವಿ ಆಗಬಾರ್ದಂತ ನಿಮ್ಮ ಮನಿ ಮುಂದ ನುಡಿ ಅಂದ್ಲು. ಹಕ್ಕಿ ನುಡಿಲಾರದ ಮಾತು ನಾ ಹೆಂಗ ನುಡೀಲಿ? ಒಲ್ಲೆ ಅಂದೆ."

ಒಳಗೆ ಹೋದೆ. ಅಕ್ಕ ಬಾಚಣಿಗೆ ಹಿಡಿದು ನನಗಾಗಿ ಕಾಯುತ್ತಿದ್ದಳು.

"ಕೊಟ್ಟೂರಿಗೆ ಫೋನ್ ಮಾಡಿದಾಕಿ ನೀನ?"

ಬಾಚಣಿಗೆ ಕೆಳಗಿಟ್ಟಳು. "ಅಪ್ಪ ಒಪ್ಪಂಗಿಲ್ಲ ಅಂತ ತಿಳದು ನಿನ್ನ ಪರ ಮಾತಾಡಿದ್ದೆ. ಒಪ್ಪಿಬಿಟ್ಟ. ನೀನೂ ಹೋದ್ರ ಈ ಮನ್ಯಾಗ ನನಗ ಯಾರದಾರ?" ಎಂದಳು. ಆಮೇಲೆ ದನಿ ಇಳಿಸಿ, "ಆದ್ರ ಅವತ್ತು ನುಡದದ್ದು ಯಾರು ಅಂತ ನನಗೂ ಗೊತ್ತಿಲ್ಲ ಲೇ. ದೇವ್ರಾಣಿ," ಎಂದಳು.

ಅದನ್ನು ಮಾತ್ರ ನಂಬಿದೆ. ತಮ್ಮ ಗುಟ್ಟನ್ನು ತಾವೇ ಯಾರಾದರೂ ಇನ್ನೊಬ್ಬರ ಬಾಯಿಂದ ಹೇಳಿಸುತ್ತಾರೆಯೇ?

ಈಗ ನನ್ನ ಜಡೆ ನಾನೇ ಹಾಕಿಕೊಳ್ಳುತ್ತೇನೆ. ನೆಟ್ಟಗೆ ಬರುವುದಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತೇವೆ, ಇರುವುದೇ ಒಂದು ಕೋಣೆ.

ನಿನ್ನೆ ನಸುಕಿನಲ್ಲಿ ಹಾಲಕ್ಕಿ ಕೂಗುತ್ತ ಕೂಗುತ್ತ ಮತ್ತೆ ನಡುವೆಯೇ ನಿಂತಿತು. ನೆನೆದ ಕಂಬಳಿಯ ವಾಸನೆ... ಈ ಸಲ ಕೋಣೆಯ ಒಳಗೇ.

ಕತ್ತಲಲ್ಲಿ ಅಕ್ಕನ ಕೈ ನನ್ನ ಕೈಯನ್ನು ಹುಡುಕುತ್ತ ಬಂತು. "ಎಚ್ಚರ ಅದಿಯೇನ?" ಎಂದಳು.

ನನಗೂ ಹೆದರಿಕೆಯಾಗಿತ್ತು. ಆದರೂ ಕೈ ಹಿಂದಕ್ಕೆಳೆದುಕೊಂಡು, ನಿದ್ದೆ ಬಂದವಳಂತೆ ಮಲಗಿದೆ.