ಮಗ್ಗುಲಾಗಿ ನೋಡಿ ತಂದ ಟೀವಿ

ನನ್ನ ನಾದಿನಿಗೆ ಬಲಮಗ್ಗುಲಲ್ಲಿ ಆಪರೇಷನ್ ಆಗಿತ್ತು. ಇನ್ನು ಮನೆಗೆ ಕರಕೊಂಡು ಹೋಗಿ ಎಂದು ಶಿವಮೊಗ್ಗದ ಡಾಕ್ಟರು ಹೇಳಿಬಿಟ್ಟ ಮೇಲೆ, ಸೊರಬದ ಗಂಡನ ಮನೆಯಿಂದ ಶಿಕಾರಿಪುರದ ತವರಿಗೆ, ಅಂದರೆ ನಮ್ಮ ಮನೆಗೆ ಬಂದಳು. ಅಂಗಾತ ಮಲಗುವಂತಿಲ್ಲ, ಕೂರುವಂತಿಲ್ಲ. ಎಡಮಗ್ಗುಲೊಂದೇ ಗತಿ. ನಡುಮನೆಯಲ್ಲಿ ಮಂಚ ಹಾಕಿದೆವು. ಅವಳ ತಾಯಿ, ನನ್ನ ಅತ್ತೆ, ಮಂಚದ ಎದುರು ಚಾಪೆ ಹಾಸಿಕೊಂಡು ಕೂತರೆ ಊಟಕ್ಕೆ ನಾನೇ ಎಬ್ಬಿಸಬೇಕು. ಮಗಳ ಮುಖ ನೋಡುವುದು, ಕಣ್ಣೊರೆಸಿಕೊಳ್ಳುವುದು, ಮತ್ತೆ ನೋಡುವುದು.

ನಾದಿನಿ ಬಾಯಿಬಿಟ್ಟು ಕೇಳಿದ್ದು ಒಂದೇ. "ಅತ್ತಿಗೆ, ಅಣ್ಣಂಗೆ ಹೇಳಿ ಒಂದು ಒಳ್ಳೆ ಟೀವಿ ತರಿಸ್ರಿ. ನಾನು ಮಲಗಿದಲ್ಲಿಂದ್ಲೇ ಕಾಣಂಗಿರಬೇಕು."

ಮನೆಯಲ್ಲಿದ್ದದ್ದು ಮುಖ ಉಬ್ಬಿದ ಹಳೇ ಕಪ್ಪು ಬಿಳುಪಿನದು. ಓರೆಯಾಗಿ ನೋಡಿದರೆ ಬಾಗಿಲ ಬೆಳಕು ಕಾಣುತ್ತಿತ್ತು, ಚಿತ್ರ ಕಾಣುತ್ತಿರಲಿಲ್ಲ. ಆಗಷ್ಟೇ ನಮ್ಮೂರ ಅಂಗಡಿಗೆ ಫ್ಲಾಟ್ ಟೀವಿ ಬಂದಿತ್ತು. ಗಾಜು ಹಲಗೆಯ ಹಾಗೆ ಮಟ್ಟಸ, ಬೆನ್ನು ಮಾತ್ರ ಹಳೆಯದರಷ್ಟೇ ದಪ್ಪ.

ನಮ್ಮ ಮನೆಯವರು ಅಂಗಡಿಯಲ್ಲಿ ನಿಂತು ದೊಡ್ಡದೊಂದು ಮಾಮೂಲಿ ಟೀವಿಯನ್ನೇ ಮೆಚ್ಚಿದರು. ನಾನು ನೆಲದ ಮೇಲೆ ಕೂತು, ಎಡತೋಳಿನ ಮೇಲೆ ಕೆನ್ನೆಯಿಟ್ಟು, ಮಂಚದ ಎತ್ತರ ನೆನೆಸಿಕೊಂಡು ಒಂದೊಂದನ್ನೇ ನೋಡತೊಡಗಿದೆ.

"ಏಳೇ, ಜನ ನೋಡ್ತಿದಾರೆ," ಅಂದರು ಇವರು.

ಮಿಕ್ಸಿ ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು, "ಯಾಕ್ರೀ, ಕುತ್ತಿಗೆ ಹಿಡಕಂಡೈತಾ?" ಎಂದು ನಕ್ಕಳು.

ಅಂಗಡಿಯವನೂ ನಕ್ಕ. "ಅಕ್ಕಾರೆ, ಟೀವೀನ ಎಲ್ರೂ ಕೂತು ನೋಡ್ತಾರೆ."

"ನೋಡೋಳು ಏಳಂಗಿಲ್ಲಪ್ಪ," ಅಂದೆ.

ಅವನು ಒಂದು ರಟ್ಟಿನ ಡಬ್ಬ ಹರಿದು ನೆಲಕ್ಕೆ ಹಾಸಿಕೊಟ್ಟ. ನಾಚಿಕೆ ಬಿಟ್ಟು ಪೂರ್ತಿ ಮಲಗಿಯೇ ನೋಡಿದೆ. ಉಬ್ಬಿದ ಗಾಜಿನಲ್ಲಿ ಟ್ಯೂಬ್‌ಲೈಟ್ ಬಿದ್ದು, ಅಂಚಿನಲ್ಲಿದ್ದವರ ಮುಖ ಸೊಟ್ಟಗಾಗುತ್ತಿತ್ತು. ಫ್ಲಾಟ್‌ನಲ್ಲಿ ಎಲ್ಲರೂ ನೆಟ್ಟಗಿದ್ದರು. ದೊಡ್ಡದನ್ನು ಬಿಟ್ಟು ಅದನ್ನೇ ತಂದೆವು. ಆ ರಟ್ಟು ಹಾಸಿದವನ ಹೊಟ್ಟೆ ತಣ್ಣಗಿರಲಿ.

ಮನೆಗೆ ತಂದ ಮೇಲೆ ಬೇರೆಯೇ ತಾಪತ್ರಯ. ಟೀವಿಯ ಮೇಜು, ಪ್ಲಗ್ಗು ಎಲ್ಲ ಇದ್ದದ್ದು ಅವಳ ಬೆನ್ನ ಹಿಂದಿನ ಗೋಡೆಗೆ. ಮಂಚ ತಿರುಗಿಸಿದರಾಯಿತು ಅಂದುಕೊಂಡೇ ಇವರು ಹೊರಟಿದ್ದು. ಮಂಚಕ್ಕೆ ಕೈ ಹಾಕಿದ್ದೇ ತಡ, ಅತ್ತೆ ಅಡ್ಡ ನಿಂತರು.

"ಹಂಗೆ ತಿರುಗಿಸಿದ್ರೆ ತಲೆ ಉತ್ತರಕ್ಕಾಗತ್ತೆ. ಉಸಿರಾಡ್ತಿರೋ ಮಗಳನ್ನ ಉತ್ತರಕ್ಕೆ ತಲೆ ಮಾಡಿ ಮಲಗಿಸ್ತೀಯೇನೋ?"

ಇವರ ಕೈ ಹಿಂದೆ ಬಂತು. ಅಡ್ಡ ಹಾಕೋಣವೆಂದರೆ ನಡುಮನೆ ಅಷ್ಟು ಅಗಲವಿಲ್ಲ. ಅವಳು ಮುಖ ಮಾಡಿದ್ದ ಪಶ್ಚಿಮದ ಗೋಡೆಗೆ ದೇವರ ಮಂಟಪವಿತ್ತು. ಅದನ್ನು ಸರಿಸಿ ಅನ್ನುವ ಬಾಯಿ ನನಗಿಲ್ಲ. ಹೊಸ ಟೀವಿ ಡಬ್ಬದಲ್ಲೇ ಉಳಿಯಿತು.

ಮಾರನೇ ದಿನ ಅತ್ತೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಮಂಟಪದ ಮುಂದೆ ಬಹಳ ಹೊತ್ತು ಕಣ್ಣು ಮುಚ್ಚಿ ಕೂತರು. ಆಮೇಲೆ ಒಂದೊಂದೇ ಫೋಟೋ ತೆಗೆದು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. "ಅಡುಗೆಮನೇಲಿಡು. ಅವನು ಎಲ್ಲಿ ಬೇಕಾದ್ರೂ ಇರ್ತಾನೆ. ಇವಳಿಗೆ ಹೊರಳಕ್ಕಾಗಲ್ಲ."

ಹಾಗೆ ಟೀವಿ ಅವಳೆದುರು ಬಂತು. ಅತ್ತೆ ಚಾಪೆಯಲ್ಲಿ ಕೂತರೆ ಅಡ್ಡವಾಗುತ್ತದೆಂದು, ಮಂಚದ ಮೇಲೆಯೇ ಮಗಳ ಮಂಡಿಯ ಹತ್ತಿರ ಕೂರುವಂತಾಯಿತು. ಇಬ್ಬರೂ ಒಂದೇ ಕಡೆ ಮುಖ ಮಾಡಿದರು. ಸೋಪಿನ ಜಾಹೀರಾತಿನ ಹುಡುಗಿಯನ್ನು ನೋಡಿ ಅತ್ತೆ, "ಈ ಚಳೀಲಿ ಎಷ್ಟು ಸಲ ಮೀಯ್ತಾಳೆ ಇವಳು! ಹೇಳೋರು ಕೇಳೋರು ಇಲ್ವಾ?" ಎಂದು ಬೈಯುತ್ತಿದ್ದರು. ಮಗಳು ನೋವು ತಡೆದುಕೊಂಡು ನಗುತ್ತಿದ್ದಳು.

ಒಂದು ಬೆಳಗ್ಗೆ ಮೈ ಒರೆಸುವಾಗ, "ಚಿತ್ರ ಚೆನ್ನಾಗಿ ಕಾಣತ್ತೇನೇ?" ಅಂತ ಕೇಳಿದೆ.

"ಕಾಣತ್ತೆ ಅತ್ತಿಗೆ. ನಂಗೆ ಹೆಚ್ಚು ಹೊತ್ತು ನೋಡಕ್ಕಾಗಲ್ಲ, ಕಣ್ಣು ಮುಚ್ಚಿಬಿಡ್ತೀನಿ. ಅವ್ವ ಇಡೀ ದಿನ ನನ್ನ ಮುಖಾನೇ ನೋಡಿ ಅಳ್ತಿತ್ತು. ಈಗ ಅದನ್ನ ನೋಡತ್ತೆ. ನನ್ನ ಕಾಲ ಮೇಲೆ ಕೈಯಿಟ್ಕೊಂಡು ನೋಡತ್ತೆ. ನಂಗೆ ಅಷ್ಟು ಸಾಕು."

ಬಟ್ಟೆ ಹಿಂಡುವ ನೆಪದಲ್ಲಿ ಬಚ್ಚಲಿಗೆ ಹೋದೆ.

ಅವಳು ಹೋದದ್ದು ಒಂದು ಸೋಮವಾರ, ಮಧ್ಯಾಹ್ನದ ಸಿನಿಮಾ ನಡೆಯುತ್ತಿದ್ದಾಗ. ಅತ್ತೆಯ ಕೈ ಅವಳ ಕಾಲ ಮೇಲೆಯೇ ಇತ್ತು. ಕಾಲು ತಣ್ಣಗಾಗಿದೆಯಲ್ಲ ಎಂದು ಕಂಬಳಿ ಎಳೆಯಲು ತಿರುಗಿದಾಗಲೇ ಅವರಿಗೆ ಗೊತ್ತಾಗಿದ್ದು. ಶಿವ ನರಳಿಸಲಿಲ್ಲ. ನಮ್ಮವರ ಪದ್ಧತಿಯಂತೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದರು. ತಿಂಗಳುಗಟ್ಟಲೆ ಕೂರಲಾರದವಳು ಆ ದಿನ ನೆಟ್ಟಗೆ ಕೂತಿದ್ದಳು.

ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ ಅತ್ತೆ ನನ್ನ ಹತ್ತಿರ ಬಂದು ಕುಸಿದು ಕೂತರು. "ಟೀವಿ ನೋಡ್ತಾ ಕೂತಿದ್ನಲ್ಲೇ. ಹೆತ್ತವಳು ನಾನು, ಮಗಳ ಕೊನೇ ಮುಖ ನೋಡ್ಲಿಲ್ಲ. ದೇವರನ್ನ ಎಬ್ಬಿಸಿ ತಂದಿಟ್ಟಿದ್ದು ಇದಕ್ಕೇನಾ?"

ಆ ಬೆಳಗ್ಗೆ ಮೈ ಒರೆಸುವಾಗ ಅವಳು ನನಗೆ ಹೇಳಿದ್ದನ್ನೆಲ್ಲ ಹೇಳಿದೆ.

ಅತ್ತೆ, "ನಾನು ಅಷ್ಟು ಅಳ್ತಿದ್ನಾ ಅವಳ ಮುಂದೆ?" ಅಂದರು. ಸೆರಗಿನಿಂದ ಮುಖ ಒತ್ತಿಕೊಂಡು, ಸ್ವಲ್ಪ ಹತ್ತಿರ ಸರಿದರು.

"ಇನ್ನೊಂದ್ಸಲ ಹೇಳು. ಅವಳು ಹೇಳಿದಂಗೇ ಹೇಳು."

ಹೇಳಿದೆ.